ಬಿಟ್ಟುಹೋದ ಅಂಗೈಯಗಲ ಜಾಗ

"ರೀ, ಅವರಿಗೆ ಕಣ್ಣು ಕಾಣ್ಸಲ್ಲ ಅನ್ಸತ್ತೆ," ಎಂದು ಹೆಂಡತಿ ಪಿಸುಗುಟ್ಟಿದಾಗ ನಾನು ನಂಬಲಿಲ್ಲ. ಸಿಯಾಟಲ್ ಹತ್ತಿರದ ನದಿಯ ಮರೀನಾದಲ್ಲಿ, ಅಂದರೆ ದೋಣಿಗಳ ತಂಗುದಾಣದಲ್ಲಿ, ನಮ್ಮ ಪುಟ್ಟ ಬೋಟಿನ ಪಕ್ಕ ನಿಲ್ಲುವ ಹಳೆಯ ಮರದ ದೋಣಿಗೆ ಒಬ್ಬ ಅಜ್ಜಿ ತಡವಿ ತಡವಿ ವಾರ್ನಿಷ್ ಹಚ್ಚುತ್ತಿದ್ದರು. ಆ ದೋಣಿಯ ಹೊಳಪಿಗೆ ಮನಸೋತು ನಾನು ಪ್ರತಿ ಶನಿವಾರ ಅಲ್ಲಿ ನಿಲ್ಲುತ್ತಿದ್ದೆ.

"ತುಂಬಾ ಚೆನ್ನಾಗಿದೆ," ಎಂದೆ.

"ಎಲ್ಲರೂ ಹಾಗೇ ಹೇಳ್ತಾರೆ. ನನ್ನ ಗಂಡ ಇದ್ದಿದ್ರೆ ತಪ್ಪು ತೋರಿಸ್ತಿದ್ದ. ನೀವಾದ್ರೂ ನಿಜ ಹೇಳಿ," ಎಂದು ಅವರು ಇಂಗ್ಲಿಷಿನಲ್ಲಿ ಕೇಳಿದರು.

ಅಂಚಿನ ಮೂಲೆಯಲ್ಲಿ ಅಂಗೈಯಗಲ ಜಾಗ ಬಿಟ್ಟುಹೋಗಿತ್ತು. ಅಳುಕುತ್ತಲೇ ಹೇಳಿದೆ. ಅವರ ಮುಖ ಅರಳಿತು. ಬ್ರಷ್ ನನಗೆ ಕೊಡಲಿಲ್ಲ. ತಮ್ಮ ಕೈಯನ್ನು ಅಲ್ಲಿಗೆ ಒಯ್ದು ಇಡಲು ಹೇಳಿ, ತಾವೇ ಹಚ್ಚಿದರು.

ಈಗ ನಾನು ಹೋಗಿ ನೋಡುವವರೆಗೂ ಅವರು ವಾರ್ನಿಷ್ ಡಬ್ಬಿ ಮುಚ್ಚುವುದಿಲ್ಲ. ಹೊಗಳಿ ಮುಂದೆ ನಡೆಯುತ್ತಿದ್ದ ನಾನು ಬಗ್ಗಿ, ಪೂರ್ತಿ ನೋಡಿ, ಆಮೇಲೆ ಮಾತಾಡುತ್ತೇನೆ.