ನಾಯಿಯ ಬಾಯಿ ತೆಗೆಸಿ ನೋಡಿದ ನರ್ಸಮ್ಮ

ಅವರ ಬಲಭುಜ ಎಡಭುಜಕ್ಕಿಂತ ಎರಡು ಬೆರಳು ತಗ್ಗಿತ್ತು. ಲಸಿಕೆಯ ನೀಲಿ ಡಬ್ಬಿಯನ್ನು ಇಪ್ಪತ್ತು ವರ್ಷಕ್ಕೂ ಮೇಲೆ ಅದೇ ಭುಜಕ್ಕೆ ನೇತುಹಾಕಿಕೊಂಡು ಬೆಟ್ಟದ ಊರುಗಳನ್ನು ತಿರುಗಿದ ಗುರುತು ಅದು. ನಾನು ದನದ ವ್ಯಾಪಾರಿ. ಎತ್ತಿನ ಹೆಗಲು ನೋಡಿ ಅದನ್ನು ನೊಗದ ಯಾವ ಕಡೆಗೆ ಕಟ್ಟುತ್ತಿದ್ದರು ಎಂದು ಹೇಳಬಲ್ಲೆ. ನರ್ಸಮ್ಮನನ್ನು ನೋಡಿದಾಗಲೂ ನನ್ನ ಕಣ್ಣು ಮೊದಲು ಹೋದದ್ದು ಆ ಭುಜಕ್ಕೆ.

ಬುಧವಾರ ಬಂತೆಂದರೆ ನಮ್ಮೂರು ತಿಗನಾರೆಯ ಶಾಲೆಯ ಜಗಲಿಯಲ್ಲಿ ಅವರು ಹಾಜರು. ಬೇರೆಯವರು ಸೂಜಿ ಹಾಕುವುದಕ್ಕೂ ಅವರು ಹಾಕುವುದಕ್ಕೂ ವ್ಯತ್ಯಾಸವಿತ್ತು. ಎಳೆಗೂಸನ್ನು ಮೇಜಿನ ಮೇಲೆ ಕೆಡವಿ ಹಿಡಿಯಲು ಬಿಡುತ್ತಿರಲಿಲ್ಲ. ತಾಯಿಯ ಮಡಿಲಲ್ಲೇ ಇರಬೇಕು, ಹಾಲು ಕುಡಿಯುತ್ತಲೇ ಇರಬೇಕು. ಎರಡು ಮೂರು ಸೂಜಿ ಇದ್ದರೆ ಹೆಚ್ಚು ಉರಿಯುವುದು ಕೊನೆಗೆ. "ಮೊದ್ಲೇ ಉರಿಸ್ಬುಟ್ರೆ ಮಿಕ್ಕಿದ್ದೆಲ್ಲ ಉರಿನೇ ಕಣವ್ವ," ಎನ್ನುತ್ತಿದ್ದರು. ಮಗು ಒಂದು ಸಲ ಕಿರುಚಿ ಮತ್ತೆ ಎದೆಗೆ ಬಾಯಿ ಹಾಕುತ್ತಿತ್ತು.

ಇದನ್ನೆಲ್ಲ ನಾನು ಕಂಡದ್ದು ದೂರದಿಂದ, ಕೇಳಿದ್ದು ಹೆಂಡತಿಯಿಂದ. ಬುಧವಾರ ನಾನು ಆ ಬೀದಿಯಲ್ಲಿ ನಡೆಯುತ್ತಿರಲಿಲ್ಲ. ಕಾರಣ ಹೇಳಲು ಈಗ ನಾಚಿಕೆಯಿಲ್ಲ. ನನಗೆ ಸೂಜಿ ಕಂಡರೆ ಪ್ರಾಣಭಯ. ಐವತ್ತು ದಾಟಿದ ಮೇಲೂ, ಹೋರಿಯ ಮೂಗುದಾರ ಹಿಡಿದು ನಿಲ್ಲಿಸುವ ಕೈ ಸೂಜಿಯ ತುದಿ ಕಂಡರೆ ತಣ್ಣಗಾಗುತ್ತಿತ್ತು. ಇದು ಗೊತ್ತಿದ್ದದ್ದು ಹೆಂಡತಿಗೆ ಮಾತ್ರ. ವ್ಯಾಪಾರದಲ್ಲಿ ಎದುರಿನವನಿಗೆ ನಮ್ಮ ಅಳುಕು ತಿಳಿಯಬಾರದು ನೋಡಿ. ಕೂಲಿಗೆ ದನ ಮೇಯಿಸುತ್ತಿದ್ದವನು ವ್ಯಾಪಾರಿಯಾದದ್ದೇ ಮುಖ ಬಿಗಿಹಿಡಿದು.

ಮೂರು ವರ್ಷದ ಹಿಂದೆ ಒಂದು ಭಾನುವಾರ, ತಾಳವಾಡಿಯ ಬಸ್ಸಿಗೆ ನಿಂತಿದ್ದಾಗ ಎಲ್ಲಿಂದಲೋ ಬಂದ ನಾಯಿ ಮೀನಖಂಡಕ್ಕೆ ಬಾಯಿ ಹಾಕಿ, ತಿರುಗಿ ನೋಡದೆ ರಾಗಿ ಹೊಲದ ಕಡೆ ಓಡಿಹೋಯಿತು. ಹೆಂಡತಿ ಸೋಪು ಹಾಕಿ ನಲ್ಲಿಯ ಕೆಳಗೆ ಕಾಲು ತೊಳೆದು, ಎಳೆದುಕೊಂಡೇ ತಾಳವಾಡಿಯ ಆಸ್ಪತ್ರೆಗೆ ಹೋದಳು. ಗಾಯದ ಸುತ್ತಲೂ ಚುಚ್ಚಿದರು, ತೋಳಿಗೂ ಚುಚ್ಚಿದರು. ಅಷ್ಟರಲ್ಲಿ ನಾನು ನೆಲದ ಮೇಲಿದ್ದೆ. ಎಚ್ಚರವಾದಾಗ ಚೀಟಿಯಲ್ಲಿ ಇನ್ನೂ ಮೂರು ದಿನ ಬರೆದಿದ್ದರು: ಬುಧವಾರ, ಮುಂದಿನ ಭಾನುವಾರ, ಆಮೇಲೆ ತಿಂಗಳ ಕೊನೆಗೊಂದು. ಮನೆಗೆ ಬಂದವನೇ ತೀರ್ಮಾನ ಮಾಡಿದೆ, ಇನ್ನು ಹೋಗುವುದಿಲ್ಲ.

ನಾಯಿಹುಚ್ಚು ಹತ್ತಿದರೆ ಉಳಿದವರಿಲ್ಲ ಎಂದು ನನಗೆ ಗೊತ್ತಿತ್ತು. ಗೊತ್ತಿದ್ದೂ ಹೋಗುವುದಿಲ್ಲ ಎಂದೆ. ಭಯ ಎನ್ನುವುದು ಲೆಕ್ಕ ಕೇಳುವುದಿಲ್ಲ.

ಬುಧವಾರ ಬೆಳಿಗ್ಗೆ ಹೆಂಡತಿ ಶಾಲೆಯ ಜಗಲಿಗೆ ಹೋಗಿ ನರ್ಸಮ್ಮನಿಗೆ ಎಲ್ಲವನ್ನೂ ಹೇಳಿಬಿಟ್ಟಳು. ಅವರು ಬರುತ್ತಾರೆ ಎಂದು ತಿಳಿದ ಕೂಡಲೇ ನಾನು ನನ್ನ ಕಸುಬಿನ ಬುದ್ಧಿ ಓಡಿಸಿದೆ. ಕಚ್ಚಿದ ನಾಯಿ ಹತ್ತು ದಿನ ಚೆನ್ನಾಗಿದ್ದರೆ ಭಯವಿಲ್ಲ ಎಂದು ಯಾರೋ ಅಂದದ್ದು ಕೇಳಿದ್ದೆ. ಪಕ್ಕದ ಮನೆಯವರ ನಾಯಿಗೆ ನಾಲ್ಕು ಬಿಸ್ಕತ್ತು ಹಾಕಿ, ಹಗ್ಗ ಕಟ್ಟಿ, ನಮ್ಮ ಹುಣಸೆ ಮರದ ಕೆಳಗೆ ತಂದು ನಿಲ್ಲಿಸಿದೆ. ಬಣ್ಣ ಹೆಚ್ಚುಕಮ್ಮಿ ಅದೇ. ಸಂತೆಯಲ್ಲಿ ಎಷ್ಟೋ ಜನಕ್ಕೆ ಎಷ್ಟೋ ಎತ್ತು ತೋರಿಸಿದವನು ನಾನು.

ನರ್ಸಮ್ಮ ಬಂದರು. ಡಬ್ಬಿ ಇಳಿಸಿ, ನಾಯಿಯನ್ನು ಸುತ್ತ ಒಂದು ಸಲ ನೋಡಿದರು.

"ಇದೇನಾ ಕಚ್ಚಿದ್ದು?"

"ಇದೇ ಕಣ್ ನರ್ಸಮ್ಮ. ನೋಡಿ, ಎಂಗೆ ಬಾಲ ಆಡುಸ್ತದೆ. ರೋಗ ಇರೋ ನಾಯಾ ಇದು?"

"ಬಾಯಿ ತೆಗ್ಸಣ್ಣ."

"ಯಾಕೆ?"

"ಎತ್ತಿನ ಅಲ್ಲು ನೋಡ್ದೆ ಕೊಂಡ್ಕತಿದ್ದೀಯಾ ನೀನು? ತೆಗ್ಸು."

ತುಟಿ ಎತ್ತಿದೆ. ಆ ಮುದಿ ನಾಯಿಯ ಮುಂದಿನ ವಸಡಿನಲ್ಲಿ ಒಂದು ಹಲ್ಲೂ ಇರಲಿಲ್ಲ. ನಾನೇ ನೋಡಿರಲಿಲ್ಲ. ಹಲ್ಲು ನೋಡದೆ ಮಾಲು ತಂದದ್ದು ನನ್ನ ಜೀವಮಾನದಲ್ಲಿ ಅದೊಂದೇ ಸಲ.

"ನಿನ್ನ ಕಾಲಲ್ಲಿ ನಾಕು ತೂತವೆ," ಎಂದರು ನರ್ಸಮ್ಮ. "ಇದು ನೆಕ್ಕಿ ಮಾಡ್ತಾ?"

ಹೆಂಡತಿ ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಹೋದಳು. ನರ್ಸಮ್ಮ ನಗಲಿಲ್ಲ. "ಇದೇ ನಾಯಿ ಆಗಿದ್ರೂ ಸೂಜಿ ನಿಲ್ಸಂಗಿಲ್ಲ ಕಣಣ್ಣ. ನಾಯಿನೂ ನೋಡ್ಬೇಕು, ಸೂಜಿನೂ ಆಕುಸ್ಕಬೇಕು. ನಿನ್ನ ಕಚ್ಚಿದ್ದಂತೂ ಓಡೋಗ್ಬುಟ್ಟದೆ."

"ಮೂರರ ಬದ್ಲು ಇನ್ನೊಂದು ಆಕ್ಬುಡಿ. ಒಂದಕ್ಕೆ ನಾನು ಒಪ್ಪಿದೀನಿ."

"ಒಪ್ಪಕ್ಕೆ ನಾನು ಮಾಲೀಕ್ಳಲ್ಲ. ಆ ರೋಗವ ಕೇಳು, ಬಿಡ್ತದಾ ಅಂತ."

ಮಧ್ಯಾಹ್ನದ ಬಸ್ಸಿನಲ್ಲಿ ಅವರೇ ನನ್ನನ್ನು ತಾಳವಾಡಿಗೆ ಕರೆದುಕೊಂಡು ಹೊರಟರು. ದಾರಿಯಲ್ಲಿ ಚೀಲದಿಂದ ಒಂದು ಕಟ್ಟು ಕಾಗದ ತೆಗೆದರು. ಈರೋಡಿನ ತರಬೇತಿಯಲ್ಲಿ ಕೊಟ್ಟದ್ದಂತೆ; ನಮ್ಮ ಸೀಮೆ ತಮಿಳುನಾಡಿಗೆ ಸೇರಿದ್ದು, ಹಾಗಾಗಿ ತಮಿಳಿನಲ್ಲಿತ್ತು. ಸೂಜಿಯ ನೋವು, ಸೂಜಿಯ ಭಯ, ಇವುಗಳ ಮೇಲೆ ಬೇರೆ ಬೇರೆ ಕಡೆ ಮಾಡಿದ ಪರೀಕ್ಷೆಗಳನ್ನು ಒಟ್ಟು ಹಾಕಿ ತೂಗಿ ನೋಡಿದ್ದು. ಅಂಚಿನ ತುಂಬ ಅವರ ಪೆನ್ನಿನ ಗುರುತು: ಕೆಲವಕ್ಕೆ ಸರಿ, ಕೆಲವಕ್ಕೆ ಅರ್ಧ ಸರಿ, ಕೆಲವಕ್ಕೆ ಅಡ್ಡಗೆರೆ.

ನನಗೆ ಕುತೂಹಲವಾಯಿತು. "ಅಚ್ಚಲ್ಲಿ ಬಂದಿದ್ದಕ್ಕೂ ಗೆರೆ ಒಡಿತೀರಾ?"

"ಮಾರೋನು ಒಳ್ಳೆ ಎತ್ತು ಅಂದ್ರೆ ನೀನು ಸುಮ್ನೆ ಇಡ್ಕಂಡು ಬತ್ತೀಯಾ?"

"ಇಲ್ಲ. ನಡ್ಸಿ ನೋಡ್ತೀನಿ. ಊರಲ್ಲಿ ನಾಕು ಜನವ ಕೇಳ್ತೀನಿ."

"ನಾನೂ ಅಷ್ಟೇ. ಒಂದ್ಕಡೆ ನೋಡಿದ್ದು ಸಾಲ್ದು. ಎಷ್ಟು ಕಡೆ ನೋಡವ್ರೆ, ಎಲ್ಲಾ ಕಡೆ ಅಂಗೇ ಬಂತಾ, ಅದ ನೋಡ್ಬೇಕು. ಎದೆಹಾಲಿಗೆ ಸಾಕ್ಷಿ ಗಟ್ಟಿ. ಮಡ್ಲಲ್ಲಿ ಕೂರ್ಸಿ ಇಡ್ಕಳದಕ್ಕೂ ಅದೆ. ಕೆಲವು ಅರೆಬರೆ. ಅದ ಅರೆಬರೆ ಅಂತ್ಲೇ ಇಟ್ಕತೀನಿ."

ಒಂದು ಕಡೆ ಗೆರೆ ದಪ್ಪಗಿತ್ತು. ಅದೇನೆಂದು ಕೇಳಿದೆ. "ಅದು ನಂದೇ ತಪ್ಪು. ನೋವಾಗಲ್ಲ ಕಂದ, ಇರುವೆ ಕಚ್ದಂಗೆ ಅಂತ ವರ್ಷಗಟ್ಲೆ ಏಳ್ತಿದ್ದೆ. ಆಮೇಲೆ ನೋವಾದ್ರೆ ಆ ಮಗ ನನ್ನ ಮಾತ ಯಾಕೆ ನಂಬ್ತದೆ? ಓದಿದ್ ದಿನವೇ ನಿಲ್ಸ್‌ಬುಟ್ಟೆ."

ತನ್ನ ಹಳೆಯ ಮಾಲನ್ನು ತಾನೇ ಕೆಟ್ಟದ್ದು ಎಂದು ಎಸೆಯುವವರನ್ನು ನಾನು ನಮ್ಮ ಕಸುಬಿನಲ್ಲಿ ಕಂಡಿಲ್ಲ. ಅದಕ್ಕೇ ಇರಬೇಕು, ಹೆಂಡತಿಗೂ ಹೇಳದಿದ್ದ ಮಾತನ್ನು ಅವರಿಗೆ ಹೇಳಿದೆ. ಶಾಲೆಯಲ್ಲಿದ್ದಾಗ ಇಬ್ಬರು ದೊಡ್ಡವರು ನನ್ನನ್ನು ಬೆಂಚಿನ ಮೇಲೆ ಅದುಮಿ ಹಿಡಿದರು, ಮೂರನೆಯವನು ಚುಚ್ಚಿದ, ಕಿಟಕಿಯ ತುಂಬ ಹುಡುಗರು ನಗುತ್ತಿದ್ದರು.

"ಕರುವ ಒಂದ್ಸಲ ಅಗ್ಗ ಆಕಿ ಕೆಡವಿ ಬರೆ ಆಕುದ್ರೆ?" ಎಂದರು.

"ಆಮೇಲೆ ಅಗ್ಗ ಕಂಡ್ರೇ ಓಡ್ತದೆ."

"ಅಷ್ಟೇ ಕಣಣ್ಣ ನಿಂಗಾಗಿರದು. ನೀನು ಪುಕ್ಲ ಅಲ್ಲ."

ಆಸ್ಪತ್ರೆಯಲ್ಲಿ ಅಲ್ಲಿಯವರನ್ನು ಕೇಳಿಕೊಂಡು ತಾವೇ ಸೂಜಿ ಹಿಡಿದರು. "ಕೂತ್ಕತೀಯಾ, ಮಲೀಕತೀಯಾ? ನಿಂಗೆ ಎಂಗೆ ಬೇಕೋ ಅಂಗೆ." ಮಲಗುತ್ತೇನೆ ಎಂದೆ, ಇನ್ನೊಮ್ಮೆ ಬೀಳುವುದು ಬೇಡವಾಗಿತ್ತು. "ಕೆಸ್ರಲ್ಲಿ ಗಾಡಿ ಊತ್ಕಂಡದೆ ಅನ್ಕೋ. ತೊಡೆ, ಒಟ್ಟೆ ಬಿಗಿ ಇಡಿ. ಮೊಕ ಬೆಚ್ಚಗಾಗಗಂಟ ಇಡ್ದು ಸಡ್ಲ ಬುಡು, ತಿರ್ಗ ಬಿಗಿ ಇಡಿ. ತೋಳು ಮಾತ್ರ ಸಡ್ಲ ಇರ್ಲಿ. ತಲೆ ಸುತ್ತೋರಿಗೆ ಇದು. ಸಾಕ್ಷಿ ಅದೆ."

"ನೋಯ್ತದಾ?"

"ನೋಯ್ತದೆ. ನೀನು ಐದು ಎಣ್ಸಗಂಟ."

ಮೂರು ಎಣಿಸುವಷ್ಟರಲ್ಲಿ ಮುಗಿಯಿತು. ಬೆವತಿದ್ದೆ, ಆದರೆ ತಲೆ ಸುತ್ತಲಿಲ್ಲ. ಭಾನುವಾರದ್ದಕ್ಕೆ ಹೆಂಡತಿಯ ಜೊತೆ ಹೋದೆ. ಕೊನೆಯದಕ್ಕೂ ಹೋದೆ. ಅಂದು ಆಸ್ಪತ್ರೆಯ ಜಗಲಿಯಲ್ಲಿ ಕಾಯುತ್ತಿದ್ದ ದೊಡ್ಡಗಾಜನೂರಿನ ರೈತನೊಬ್ಬ ಸುಮ್ಮನೆ ಚೀಟಿ ಮಡಚುತ್ತ ಬಿಚ್ಚುತ್ತ ಕೂತಿದ್ದ. "ನಂಗೆ ಸೂಜಿ ಅಂದ್ರೆ ಎದ್ರಿಕೆ ಕಣಣ್ಣೋ," ಎಂದೆ, ಎಲ್ಲರಿಗೂ ಕೇಳುವ ಹಾಗೆ. ಅವನು ತಲೆ ಎತ್ತಿ, "ನಂಗೂವೆ," ಎಂದ. ಇಬ್ಬರೂ ಕೂತಲ್ಲೇ ತೊಡೆ ಬಿಗಿ ಹಿಡಿಯುವುದನ್ನು ಅಭ್ಯಾಸ ಮಾಡಿದೆವು.

ಓದುವವರಿಗೆ ಒಂದು ಮಾತು. ಮಗುವನ್ನು ಸೂಜಿಗೆ ಕರೆದೊಯ್ಯುವಾಗ ಸುಳ್ಳು ಹೇಳಬೇಡಿ, ಅದುಮಿ ಹಿಡಿಯಬೇಡಿ, ಅತ್ತರೆ ನಗಬೇಡಿ. ನಿಮಗೇ ಭಯವಿದ್ದರೆ ಸೂಜಿ ಹಾಕುವವರಿಗೆ ಮೊದಲೇ ಹೇಳಿಬಿಡಿ. ಬೇರೆ ವ್ಯಾಪಾರದಲ್ಲಿ ಅಳುಕು ಮುಚ್ಚಿಡಿ, ಇದರಲ್ಲಿ ಬೇಡ.

ನರ್ಸಮ್ಮ ಹೋದ ವರ್ಷ ನಿವೃತ್ತರಾಗಿ ಮಗಳ ಜೊತೆ ಸತ್ಯಮಂಗಲದಲ್ಲಿದ್ದಾರೆ. ಕಾಗದದ ಕಟ್ಟನ್ನು ಅವರ ಜಾಗಕ್ಕೆ ಬಂದ ಹುಡುಗಿಗೆ ಕೊಟ್ಟು, "ಇದ್ರಲ್ಲೂ ಹಳೇದು ಆಗಿರದು ಇರ್ತದೆ, ನೋಡ್ಕೋ," ಎಂದರಂತೆ. ನಾನು ಇಂದು ಅನ್ನ ಉಣ್ಣುತ್ತಿರುವುದು ಅವರಿಂದ. ಅದಕ್ಕೆ ನಾನು ಕೊಡಬಲ್ಲ ಬೆಲೆ ಯಾವುದೂ ಇಲ್ಲ ಎಂದು ಒಪ್ಪಿಕೊಳ್ಳುವುದು ನನ್ನಂಥವನಿಗೆ ಕಷ್ಟ.

ಈ ಬೇಸಿಗೆಯಲ್ಲಿ ಸಕ್ಕರೆ ಪರೀಕ್ಷೆಗೆ ರಕ್ತ ಕೊಡಬೇಕಾಯಿತು. ಮನೆಯಲ್ಲಿ ಹೇಳದೆ ಒಬ್ಬನೇ ಬಸ್ಸು ಹತ್ತಿ ಹೋಗಿ, ಕೊಟ್ಟು, ಒಬ್ಬನೇ ಬಂದೆ. ಸಂಜೆ ಅಂಗಿ ಕಳಚುವಾಗ ಹೆಂಡತಿ ಮೊಣಕೈಯ ಹತ್ತಿಯನ್ನು ಕಂಡಳು.

"ಯಾರ ಕರ್ಕಂಡು ಓಗಿದ್ದೆ?"

"ಯಾರ್ನೂ ಇಲ್ಲ."

ಅವಳು ನಂಬಲಿಲ್ಲ. ಹತ್ತಿರ ಬಂದು ಹತ್ತಿ ಎತ್ತಿ, ತೂತು ಇದೆಯೇ ಎಂದು ನೋಡಿದಳು.