ಹೊಸದುರ್ಗಕ್ಕೆ ಹದಿನೆಂಟು

ಇವತ್ತು ಬೆಳಿಗ್ಗೆ ನನ್ನ ಫೋನು ಟಿಣ್ ಎಂದು ಒಂದು ಎಚ್ಚರಿಕೆ ಕೊಟ್ಟಿತು: ಜಾಗ ಶೇಕಡಾ ತೊಂಬತ್ತೊಂದು ತುಂಬಿದೆ, ಏನಾದರೂ ಅಳಿಸಿ. ಪಕ್ಕದಲ್ಲಿ ಅವರೆಕಾಯಿ ಬಿಡಿಸುತ್ತಿದ್ದ ಅವ್ವ ಬಗ್ಗಿ ನೋಡಿ, "ಪರವಾಗಿಲ್ಲ ಬಿಡು, ಯಾವುದ್ರಲ್ಲಾದ್ರೂ ತೊಂಬತ್ತು ದಾಟಿದ್ಯಲ್ಲ" ಅಂದಳು.

ನಗಬೇಡಿ. ನಕ್ಕರೂ ಪರವಾಗಿಲ್ಲ, ನಾನು ನಗುವುದಿಲ್ಲ ಅಷ್ಟೆ. ತುಂಬಿದ್ದನ್ನು ಗೆದ್ದದ್ದು ಎಂದುಕೊಳ್ಳುವ ಈ ಲೆಕ್ಕದಿಂದ ಒಂದು ಮುಂಗಾರಿನಲ್ಲಿ ನಾನು ಎಂಥ ಎಡವಟ್ಟು ಮಾಡಿದೆ ಅಂದರೆ, ಇವತ್ತಿಗೂ ಹೊಳಲ್ಕೆರೆ ಬಸ್ ನಿಲ್ದಾಣದಲ್ಲಿ ಇಳಿಯುವಾಗ ಕತ್ತು ತಾನಾಗಿ ತಗ್ಗುತ್ತದೆ.

ನಾಲ್ಕು ವರ್ಷದ ಹಿಂದಿನ ಮಾತು. ಚಿತ್ರದುರ್ಗದಲ್ಲಿ ಬೀಜ, ಗೊಬ್ಬರ ಮಾರುವ ಒಂದು ಸಹಕಾರ ಸಂಘದ ಹೆಡ್ಡಾಫೀಸಿನಲ್ಲಿ ನನಗೆ ಗುತ್ತಿಗೆ ಕೆಲಸ ಸಿಕ್ಕಿತ್ತು. ಆದೇಶಪತ್ರದಲ್ಲಿ ನನ್ನ ಹುದ್ದೆಯ ಹೆಸರು ಒಂದೂವರೆ ಸಾಲು ಉದ್ದವಿತ್ತು. ಆಫೀಸಿನಲ್ಲಿ ಮಾತ್ರ ನಾನು ಬರೀ 'ಕಂಪ್ಯೂಟ್ರು'. "ಲೇ ಕಂಪ್ಯೂಟ್ರು, ಫ್ಯಾನ್ ತಿರುಗ್ತಿಲ್ಲ ನೋಡು" ಅಂದರೂ ನಾನೇ ಸ್ಟೂಲು ಹತ್ತಬೇಕು. ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳಲ್ಲಿ ನಮ್ಮ ಶಾಖೆಗಳು. ಪ್ರತಿ ಶಾಖೆಗೂ ಒಂದೊಂದು ದೊಡ್ಡ ಕಂಪ್ಯೂಟರ್ ಮಷಿನ್ನು. ರೈತರ ಹೆಸರು, ಪಹಣಿ, ಹೆಬ್ಬೆಟ್ಟು, ಬೀಜದ ಚೀಟಿ ಎಲ್ಲ ಅದರ ಹೊಟ್ಟೆಯಲ್ಲೇ. ಅದು ನಿಂತರೆ ಕೌಂಟರು ನಿಂತಿತು.

ಆ ವರ್ಷ ಸಂಘಕ್ಕೆ ಒಂದು ಹೊಸ ಸಾಫ್ಟ್‌ವೇರ್ ಬಂತು. ಅದರ ಕೆಲಸ ವರದಿ ಮಾಡುವುದು. ಬೀಜದ ವರದಿಯಲ್ಲ, ಮಷಿನ್ನಿನ ವರದಿ. ಒಂದು ಲಗೇಜ್ ಆಟೋ ಇದೆ ಅಂದುಕೊಳ್ಳಿ. ಅದು ಈಗ ಎಷ್ಟು ಮೂಟೆ ಹೊತ್ತಿದೆ, ಇನ್ನೆಷ್ಟು ಹೊರಬಲ್ಲದು, ಹೀಗೇ ಹೇರುತ್ತಾ ಹೋದರೆ ಯಾವತ್ತು ಅಚ್ಚು ಮುರಿಯುತ್ತದೆ? ಇದನ್ನೆಲ್ಲ ಮೊದಲೇ ಹೇಳುವುದು ಅದರ ಬುದ್ಧಿವಂತಿಕೆ. ಹೊರೆ ಕಡಿಮೆಯಿದ್ದರೆ ಹಸಿರು, ಹೆಚ್ಚಾದರೆ ಹಳದಿ, ಪ್ರಾಣಕ್ಕೆ ಬಂದರೆ ಕೆಂಪು. ಇಷ್ಟು ಸಾಕಿತ್ತು. ಆದರೆ ನಮ್ಮ ಮ್ಯಾನೇಜರ್ ಬಸವರಾಜಪ್ಪನವರಿಗೆ ಪರದೆಯ ಮೇಲಿನ ಯಾವುದರ ಮೇಲೂ ನಂಬಿಕೆಯಿಲ್ಲ.

"ಕಾಗದದ ಮೇಲೆ ತಗಂಬಾರಪ್ಪ. ಕರೆಂಟ್ ಹೋದ್ರೆ ನಿನ್ನ ವರದಿ ಎಲ್ಲೈತೆ?"

ಕಾಗದಕ್ಕಿಳಿಸಿ ತಂದುಕೊಟ್ಟೆ. ಅವರು ಕನ್ನಡಕ ಏರಿಸಿ ನೋಡಿದರು. "ಬರೀ ಊರಿನ ಹೆಸ್ರು ಐತೆ. ಜವಾಬ್ದಾರಿ ಯಾರ್ದು? ಶಾಖೆ ನೋಡ್ಕಳೋರ ಹೆಸ್ರು ಹಾಕು." ಹಾಕಿದೆ. "ಹಿಂಗೆ ಚೆಲ್ಲಾಪಿಲ್ಲಿ ಇದ್ರೆ ಹೆಂಗೆ? ಸಾಲಾಗಿ ಬರಿ, ಜಾಸ್ತಿ ಇರೋರು ಮೇಲೆ." ಬರೆದೆ. ಒಂದು, ಎರಡು, ಮೂರು ಎಂದು ಅಂಕಿಯನ್ನೂ ಕೊಟ್ಟೆ. ಅದನ್ನು ಯಾರೂ ಕೇಳಿರಲಿಲ್ಲ, ಅದು ನನ್ನ ಸ್ವಂತ ಪ್ರತಿಭೆ. ಇನ್ನು ನಮ್ಮ ಪ್ರಿಂಟರ್ರು. ಅದಕ್ಕೆ ಕಪ್ಪು ಬಿಟ್ಟರೆ ಬೇರೆ ಬಣ್ಣ ಗೊತ್ತಿಲ್ಲ. ಕೆಂಪೂ ಬೂದು, ಹಸಿರೂ ಬೂದು. ಬೂದು ಪಟ್ಟಿಯ ಮೇಲೆ ಒಬ್ಬೊಬ್ಬರ ಹೆಸರು, ಮುಂದೆ ಶೇಕಡಾವಾರು. ನೋಟಿಸ್ ಬೋರ್ಡಿಗೆ ಅಂಟಿಸಿ, ಫೋಟೋ ತೆಗೆದು ಸಂಘದ ವಾಟ್ಸಾಪ್ ಗುಂಪಿಗೆ ಬಿಟ್ಟೆ. ಒಂದು ಹೊಳಲ್ಕೆರೆ, ಗಿರಿಜಮ್ಮ, ತೊಂಬತ್ಮೂರು. ಎರಡು ಹಿರಿಯೂರು, ಮೂವತ್ತಾರು. ಮೂರು ಹೊಸದುರ್ಗ, ತಿಪ್ಪೇಸ್ವಾಮಿ, ಹದಿನೆಂಟು.

ಈಗ ಹೇಳಿ, ಹೆಸರಿನ ಮುಂದೆ ಶೇಕಡಾವಾರು ಕಂಡರೆ ನಮ್ಮ ಕಡೆ ಜನ ಅದನ್ನು ಏನೆಂದು ಓದುತ್ತಾರೆ? ನನ್ನ ಹತ್ತನೇ ತರಗತಿಯ ನಲವತ್ತಾರನ್ನು ನಮ್ಮ ಸೋದರತ್ತೆ ಈಗಲೂ ಮದುವೆ ಮನೆಗಳಲ್ಲಿ ಗುರುತು ಪರಿಚಯಕ್ಕೆ ಬಳಸುತ್ತಾಳೆ. ಇಷ್ಟು ಅನುಭವವಿದ್ದೂ ನನಗೆ ಹೊಳೆಯಲಿಲ್ಲ. ಗುಂಪಿನಲ್ಲಿ ಹೂಗುಚ್ಛಗಳು ಬಿದ್ದವು. ನಿರ್ದೇಶಕರೊಬ್ಬರು "ಹೊಳಲ್ಕೆರೆಗೆ ಅಭಿನಂದನೆಗಳು" ಎಂದು ಬರೆದರು. ನಾನೂ ಒಂದು ಚಪ್ಪಾಳೆ ಹಾಕಿದೆ. ಯಾಕೆ ಹಾಕಿದೆ ಎಂದು ಕೇಳಬೇಡಿ, ಎಲ್ಲರೂ ಹಾಕುತ್ತಿದ್ದರು.

ಐದೇ ನಿಮಿಷಕ್ಕೆ ಹೊಳಲ್ಕೆರೆಯ ಗಿರಿಜಕ್ಕನ ಫೋನು. ಆಕೆ ಶಾಖೆಯ ಕೌಂಟರಿನಲ್ಲಿ ಹದಿನೈದು ವರ್ಷದಿಂದ ಕೂತವಳು. ನನ್ನನ್ನು ತಮ್ಮ ಅನ್ನುತ್ತಿದ್ದಳು, ಆ ದಿನ ಅನ್ನಲಿಲ್ಲ.

"ಲೇ, ನನ್ನ ಮಷಿನ್ನು ಉಸಿರು ಬಿಡಾಕಾಗ್ದೆ ಒದ್ದಾಡ್ತಾ ಐತೆ, ನೀನು ಚಪ್ಪಾಳೆ ಹೊಡೀತೀಯಾ? ಒಂದು ಚೀಟಿ ಹೊರಗೆ ಬರಾಕೆ ಕಾಲು ಗಂಟೆ. ಹೊರಗೆ ಬಿಸಿಲಲ್ಲಿ ಜನ ನಿಂತವ್ರೆ. ಹದ ಆರಿ ಹೋದ್ರೆ ಮೆಕ್ಕೆಜೋಳ ಎಲ್ಲಿ ಹಾಕ್ತಾರೆ, ನಿನ್ನ ತಲೆ ಮೇಲಾ?"

"ಅಕ್ಕ, ಸಂಘಕ್ಕೆ ಹೊಸ ಮಷಿನ್ ಒಂದು ಬರ್ತಾ ಐತೆ, ಹೊರೆ ಜಾಸ್ತಿ ಇರೋ ಶಾಖೆಗೆ..."

"ಬೇಗ ಕಳ್ಸು. ನಾನು ನಿಧಾನ ಅಂತ ಯಾರೋ ಅರ್ಜಿ ಕೊಟ್ಟವ್ರೆ. ತಿಂಗಳ ಕೊನೆ ಸೋಮವಾರದ ಮೀಟಿಂಗಲ್ಲಿ ನನ್ನನ್ನ ಕೌಂಟರಿಂದ ಎಬ್ಬಿಸಿ ಗೋಡೌನಿಗೆ ಹಾಕ್ತಾರಂತೆ. ಈ ವಯಸ್ನಾಗೆ ಮೂಟೆ ಎಣಿಸ್ಕಂಡು ಕುಂತ್ಕಳ್ಲಾ?"

ಆ ಸೋಮವಾರದೊಳಗೆ ಹೊಸ ಮಷಿನ್ನು ಹೊಳಲ್ಕೆರೆಗೆ ಹೋಗಬೇಕು. ಹೋದರೆ ನಿಧಾನ ಯಾರದು ಅಂತ ಎಲ್ಲರಿಗೂ ಗೊತ್ತಾಗುತ್ತದೆ. ವರದಿಯೂ ಅದನ್ನೇ ಹೇಳುತ್ತಿತ್ತು. ನಾನು ನೆಮ್ಮದಿಯಾಗಿ ಇಡ್ಲಿ ತಿಂದೆ.

ಮರುವಾರದ ವರದಿ ತೆಗೆದರೆ ಹೊಸದುರ್ಗ ತೊಂಬತ್ತೇಳು! ಬರೀ ಅಷ್ಟೇ ಅಲ್ಲ, ಸಾಫ್ಟ್‌ವೇರ್ ತನ್ನ ಜ್ಯೋತಿಷ್ಯವನ್ನೂ ಹೇಳಿತ್ತು: ಇದೇ ವೇಗದಲ್ಲಿ ಹೋದರೆ ಹೊಸದುರ್ಗ ಒಂದೇ ದಿನದಲ್ಲಿ ಸಂಪೂರ್ಣ ಭರ್ತಿ. ಹೊಳಲ್ಕೆರೆಯ ಗೆರೆ ಪಾಪ ತೊಂಬತ್ಮೂರರಲ್ಲೇ ಅಡ್ಡಡ್ಡ ಮಲಗಿತ್ತು. ಏರುವುದಕ್ಕೆ ಅದರಲ್ಲಿ ಉಸಿರೇ ಇರಲಿಲ್ಲವಲ್ಲ. ಬಸವರಾಜಪ್ಪನವರು ಗೆರೆಯನ್ನು ಬೆರಳಲ್ಲಿ ಸವರಿ, "ಮಷಿನ್ನು ಹೊಸದುರ್ಗಕ್ಕೆ" ಅಂದರು.

"ಸಾರ್, ಗಿರಿಜಕ್ಕ..."

"ವರದಿ ಮಾಡಿದ್ದು ನೀನಾ, ಗಿರಿಜಕ್ಕನಾ?"

ನಾನು. ಅದೇ ಸಮಸ್ಯೆ.

ಶುಕ್ರವಾರ ಮಷಿನ್ನಿನ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಹೊಸದುರ್ಗದ ಬಸ್ಸು ಹತ್ತಿದೆ. ಆ ಬಸ್ಸು ಹೊಳಲ್ಕೆರೆಯ ಮೇಲೇ ಹೋಗಬೇಕೆ? ನಿಲ್ದಾಣದಲ್ಲಿ ಚಹಾಕ್ಕೆಂದು ಹತ್ತು ನಿಮಿಷ ನಿಂತಿತು. ನಮ್ಮ ಶಾಖೆ ಎದುರಿಗೇ ಕಾಣುತ್ತಿತ್ತು, ಬಾಗಿಲಿಂದ ರಸ್ತೆಯವರೆಗೆ ಸಾಲು. ಕಾದು ಬೇಸತ್ತವರು ತಮ್ಮ ಬದಲು ಚಪ್ಪಲಿ ಸಾಲಾಗಿ ಬಿಟ್ಟು ಬೇವಿನ ಮರದಡಿ ಕೂತಿದ್ದರು. ಆಕೆಗೆ ಬರಬೇಕಾದ ಮಷಿನ್ನು ನನ್ನ ತೊಡೆ ಮೇಲೆ! ಯಾರಾದರೂ ಗುರುತು ಹಿಡಿದಾರು ಎಂದು ಡಬ್ಬಿಯ ಹಿಂದೆ ಮುಖ ಮುಚ್ಚಿಕೊಂಡೆ. ಪಕ್ಕದಲ್ಲಿದ್ದ ಯಜಮಾನರು, "ಯಾಕಪ್ಪ, ವಾಂತಿನಾ? ಕಿಟಕಿಗೆ ಬಾ" ಅಂತ ಜಾಗ ಬಿಟ್ಟುಕೊಟ್ಟರು. ಕಿಟಕಿಗೆ ಹೋಗಿ ಇನ್ನೂ ಚೆನ್ನಾಗಿ ಕಾಣಿಸುವಂತೆ ಕೂತೆ.

ಹೊಸದುರ್ಗದ ಶಾಖೆಯಲ್ಲಿ ನೊಣವೂ ಇರಲಿಲ್ಲ. ತಿಪ್ಪೇಸ್ವಾಮಿ, ಅಂದರೆ ಶಾಖೆಯ ಮೇಲ್ವಿಚಾರಕರು, ಇಸ್ತ್ರಿ ಅಂಗಿ ಹಾಕಿ ಬಾಗಿಲಲ್ಲೇ ನಿಂತಿದ್ದರು. ಮೇಜಿಗೆ ಹೊಸ ಬಟ್ಟೆ, ಅದರ ಮೇಲೆ ಸೇವಂತಿಗೆ ಹಾರ.

"ಬರ್ರಿ ಬರ್ರಿ, ಕುಂತ್ಕಳ್ರಿ. ತೊಂಬತ್ತೇಳು! ಹೆಂಗೆ?"

"ಅದೇ ಅಣ್ಣ, ಹೆಂಗೆ?"

ಒಳಗೆ ಕರೆದೊಯ್ದು ತೋರಿಸಿದರು. ಮಷಿನ್ನಿನ ಮೇಲೆ ಭಜನೆಯ ವಿಡಿಯೋ ಎಂಟು ಕಡೆ ಒಟ್ಟಿಗೇ ಓಡುತ್ತಿತ್ತು, ಸದ್ದು ಮಾತ್ರ ಬಂದ್. ಅವರ ಭಾಮೈದನ ಮದುವೆಯ ವಿಡಿಯೋ, ಅರಿಶಿಣದಿಂದ ಬೀಗರೂಟದವರೆಗೆ, ಇಪ್ಪತ್ತು ಪ್ರತಿ. ದಿನಾ ಬೆಳಿಗ್ಗೆ ಮೂರು ಹೊಸ ಪ್ರತಿ.

"ಬೆಳಿಗ್ಗೆ ಆಫೀಸಿಗೆ ಬಂದ ತಕ್ಷಣ ಎಲ್ಲಾ ಹಚ್ಚಿಬಿಡ್ತೀನಿ. ಮತ್ತೇನ್ರಿ, ಹದಿನೆಂಟು ಅಂದ್ರೆ ಏನು ಮರ್ಯಾದೆ? ಪಾಸಾಗಾಕೇ ಮೂವತ್ತೈದು ಬೇಕು. ಆ ವಾಟ್ಸಾಪ್ ಗುಂಪಲ್ಲಿ ನಮ್ಮ ಮಾವ ಅವ್ರೆ. 'ಅಳಿಯಂದ್ರು ಆಫೀಸಲ್ಲಿ ಮಲಗ್ತಾರೇನೋ' ಅಂತ ನನ್ನ ಹೆಂಡ್ತಿ ಹತ್ರ ಅಂದವ್ರೆ."

ನಾನು ಡಬ್ಬಿಯನ್ನು ಕೆಳಗಿಟ್ಟೆ. ಲಗೇಜ್ ಆಟೋದ ಕಥೆ ಹೇಳಿದೆ. ಅವರು ಪರದೆಯ ಕಡೆ ತಿರುಗಿದರು. ಎಂಟು ಭಜನೆಯವರೂ ಬಾಯಿ ಆಡಿಸುತ್ತಲೇ ಇದ್ದರು.

"ಹಂಗಾದ್ರೆ ಹದಿನೆಂಟು ಒಳ್ಳೇದಾ?"

"ಬಂಗಾರ ಅಣ್ಣ."

"ಅದನ್ನ ಬಾಯಿಬಿಟ್ಟು ಹೇಳಾಕೆ ಏನಾಗಿತ್ತು ನಿಂಗೆ?" ಇಷ್ಟೊತ್ತು ರೀ ಇದ್ದದ್ದು ನೀನಾಯಿತು. "ಈಗ ಬಂದ ಮಷಿನ್ನು ವಾಪಸ್ ಹೋದ್ರೆ ಮುಖ ಎಲ್ಲಿಡಾದು? ಮಾವ ಹನ್ನೆರಡಕ್ಕೆ ಕಾಯಿ ಒಡಿಯಾಕೆ ಬರ್ತಾರೆ!"

ಹೊಳಲ್ಕೆರೆಯ ಸಾಲು, ಚಪ್ಪಲಿಗಳು, ಸೋಮವಾರದ ಮೀಟಿಂಗು, ಗೋಡೌನು, ಎಲ್ಲ ಒದರಿದೆ. ತಿಪ್ಪೇಸ್ವಾಮಿ ಹಾರವನ್ನು ಕೈಗೆತ್ತಿಕೊಂಡು ಒಂದೊಂದೇ ಹೂವನ್ನು ಮುಟ್ಟಿ ನೋಡಿದರು.

"ಗಿರಿಜಮ್ಮ ನಂಗೆ ಈ ಕೆಲ್ಸ ಕಲಿಸ್ದೋಳು. ಒಂದು ಮಾತು. ಹೊಸದುರ್ಗಕ್ಕೆ ಹದಿನೆಂಟು ಬಂದಿದ್ದು ಮಷಿನ್ನನ್ನ ಚೆನ್ನಾಗಿ ಇಟ್ಕಂಡಿದ್ದಕ್ಕೆ ಅಂತ ಬರ್ಕೊಡು. ಸೀಲ್ ಹಾಕು. ಮಾವಂಗೆ ತೋರಿಸ್ಬೇಕು."

ಬರೆದುಕೊಟ್ಟೆ. ಕಾಯಿಯನ್ನು ಆ ಪತ್ರದ ಮುಂದೆ ಒಡೆದರಂತೆ.

ಮಧ್ಯಾಹ್ನದೊಳಗೆ ಹೊಳಲ್ಕೆರೆಗೆ ಬಂದು ಮಷಿನ್ನು ಕೂರಿಸಿದೆ. ಗಿರಿಜಕ್ಕ ಹೆಬ್ಬೆಟ್ಟು ಒತ್ತಿಸಿ ಬೆರಳು ತೆಗೆಸುವಷ್ಟರಲ್ಲಿ ಚೀಟಿ ಹೊರಬಂತು. ಮುಂದಿದ್ದ ಅಜ್ಜಿ, "ಇಷ್ಟು ಬೇಗ ಬರಾದಾದ್ರೆ ಇಷ್ಟು ದಿನ ಯಾಕೆ ನಿಲ್ಲಿಸಿದ್ದೆ?" ಎಂದು ಆಕೆಯನ್ನೇ ಬೈದಳು. ಗಿರಿಜಕ್ಕ ಚೀಟಿಯನ್ನು ಅಜ್ಜಿಯ ಕೈಗಿಟ್ಟಳು. ನನ್ನ ಕಡೆ ಒಮ್ಮೆ ನೋಡಿದಳು. ಬೈದಿದ್ದರೇ ಚೆನ್ನಾಗಿತ್ತು.

ಸೋಮವಾರ ಮೀಟಿಂಗಿನಲ್ಲಿ ಎದ್ದು ನಿಂತು ಎಲ್ಲ ಒಪ್ಪಿಕೊಂಡೆ. ಬಸವರಾಜಪ್ಪನವರು ಗಿರಿಜಕ್ಕನ ಮೇಲಿನ ಅರ್ಜಿಯನ್ನು ಎತ್ತಿ ಹಿಡಿದು, "ಆಯಮ್ಮ ನಿಧಾನ ಅಲ್ಲ ಅಂದ್ರೆ ಈ ದೂರು ಯಾರ ಫೈಲಿಗೆ ಹಾಕ್ಲಿ? ನಿಂದಕ್ಕಾ?" ಅಂದರು.

"ಹಾಕ್ರಿ ಸಾರ್."

ಹಾಕಿಯೇಬಿಟ್ಟರು. ಹೊಳಲ್ಕೆರೆಯ ಕೌಂಟರಿನಲ್ಲಿ ಒಂದು ದಿನವೂ ಕೂರದ ನನ್ನ ಫೈಲಿನಲ್ಲಿ ಇವತ್ತಿಗೂ 'ಕೌಂಟರಿನಲ್ಲಿ ಬಹಳ ನಿಧಾನ' ಎಂಬ ದೂರಿದೆ. ಅಲ್ಲಿಗೆ ಮುಗಿಯಿತೆಂದುಕೊಂಡಿರಾ? ಅವರು ಮತ್ತೆ, "ಅಂದ್ರೆ ಕಮ್ಮಿ ಬಂದೋರು ಫಸ್ಟು. ಸರಿ, ಉಲ್ಟಾ ಬರಿ" ಅಂದರು. ಬರೆದೆ. ಮರುವಾರ ಹಿರಿಯೂರಿಗೆ ಮೊದಲ ಸ್ಥಾನ, ಬರೀ ಎರಡು. ಫೋನು ಮಾಡಿದರೆ, "ವಾರದಲ್ಲಿ ಒಂದೇ ದಿನ ಆನ್ ಮಾಡಿದ್ವಿ ಸಾರ್" ಎಂಬ ಹೆಮ್ಮೆಯ ಉತ್ತರ.

ಈಗ ಹೆಸರು ಹಾಕುವುದಿಲ್ಲ, ಸ್ಥಾನ ಕೊಡುವುದಿಲ್ಲ. ಸಾಫ್ಟ್‌ವೇರಿಗೆ ಗೊತ್ತಿಲ್ಲದ ಒಂದು ಕಾಲಂ ಮಾತ್ರ ಪೆನ್ನಿನಲ್ಲಿ ಗೀಚುತ್ತೇನೆ: ಹನ್ನೊಂದು ಗಂಟೆಗೆ ಕೌಂಟರಿನ ಮುಂದೆ ಎಷ್ಟು ಜನ ನಿಂತಿದ್ದಾರೆ, ಯಾವ ಕಾರಣಕ್ಕೆ. ಅದಕ್ಕೆ ಪ್ರತಿದಿನ ಫೋನು ಮಾಡಿ ಕೇಳಬೇಕು, ಪ್ರತಿದಿನ ಬೈಸಿಕೊಳ್ಳಬೇಕು. ಇವತ್ತೂ ಹೊಳಲ್ಕೆರೆಗೆ ಮಾಡಿದೆ.

"ಎಷ್ಟು ಜನ ಅವ್ರೆ ಅಕ್ಕ?"

"ಇಬ್ರು ಇದ್ರು. ಒಬ್ರು ಹೋದ್ರು. ಇನ್ನೊಬ್ರು ನಿನ್ನ ಫೋನ್ ಮುಗೀಲಿ ಅಂತ ಕಾಯ್ತಾ ಅವ್ರೆ. ಇಡು ತಮ್ಮ."

ಇಟ್ಟೆ. ಕಾಲಮ್ಮಿನಲ್ಲಿ ಒಂದು ಎಂದು ಬರೆದು, ಕಾರಣದ ಜಾಗದಲ್ಲಿ ನನ್ನ ಹೆಸರು ಬರೆದೆ.