ಚಿಕ್ಕಬೈರಪ್ಪ ಬಿಟ್ಟ ಬರಿ ಹೆದೆ

ನನಗೆ ಮೂಗಿನ ತುದಿಯಲ್ಲೇ ಕೋಪ ಅಂತ ನನ್ನ ಹೆಂಡತಿ ಸೀತಾಲಕ್ಷ್ಮಿ ಹೇಳುತ್ತಾಳೆ. ಇರಬಹುದು. ದೆವ್ವ, ಗಾಳಿ, ಮಾಟ ಎಂದು ಯಾರಾದರೂ ಶುರು ಮಾಡಿದರೆ ಎದ್ದು ಹೋಗುವವನು ನಾನು. ಸರ್ಕಾರಿ ಕಾರ್ಖಾನೆಯ ಟೂಲ್ ರೂಮಿನಲ್ಲಿ ಆಯುಷ್ಯ ಸವೆಸಿದವನಿಗೆ ಅಳತೆಗೆ ಸಿಕ್ಕಿದ್ದು ಮಾತ್ರ ಇದೆ, ಸಿಗದ್ದು ಇಲ್ಲ. ಅಂಥವನು ಇದನ್ನು ಬರೆಯಲು ಕೂತಿರುವುದಕ್ಕೆ ಕಾರಣ, ನಮ್ಮ ಮನೆ ಓನರ್ ಚಿಕ್ಕಬೈರಪ್ಪನ ಬಗ್ಗೆ ಕುಂದಲಹಳ್ಳಿಯಲ್ಲಿ ಜನ ಆಡಿಕೊಳ್ಳುತ್ತಿರುವ ಮಾತು. ಮುದುಕನಿಗೆ ಕೊನೆಗೆ ಅರಳುಮರಳಾಗಿತ್ತು ಅನ್ನುತ್ತಾರೆ. ಏನೂ ಆಗಿರಲಿಲ್ಲ. ಅವನಷ್ಟು ನೆಟ್ಟಗೆ ಯೋಚಿಸುವವರನ್ನು ನಾನು ಕಂಡಿದ್ದೇ ಕಡಿಮೆ.

ಬೈರಪ್ಪ ರಾಗಿ, ಟೊಮೇಟೊ ಬೆಳೆಯುತ್ತಿದ್ದ ಹೊಲದ ಮೇಲೆ ಈಗ ಗಾಜಿನ ಕಟ್ಟಡಗಳಿವೆ. ಉಳಿದ ತುಂಡು ಜಾಗದಲ್ಲಿ ಅವನು ಮಹಡಿ ಮೇಲೆ ಮಹಡಿ ಕಟ್ಟಿಸಿ ಬಾಡಿಗೆಗೆ ಬಿಟ್ಟಿದ್ದ. ಮೊದಲನೇ ಮಹಡಿಯಲ್ಲಿ ನಾವು. ಕೆಳಗೆ ಅವನ ಸಂಸಾರ: ಹೆಂಡತಿ ಪಿಳ್ಳಮ್ಮ, ನೀರಿನ ಟ್ಯಾಂಕರ್ ಓಡಿಸುವ ಮಗ ವಸಂತ್, ಸೊಸೆ ದಿವ್ಯಾ, ಎರಡನೇ ಕ್ಲಾಸಿನ ಮೊಮ್ಮಗಳು ದೀಪಶ್ರೀ. ಮಿಕ್ಕ ರೂಮುಗಳಲ್ಲಿ ಕಂಪನಿ ಹುಡುಗರು. ಬೈರಪ್ಪನಿಗೆ ಕೆಲಸವಿಲ್ಲದ ಕೈಯೇ ದೊಡ್ಡ ಹಿಂಸೆ. ಬಾಡಿಗೆ ಹುಡುಗರ ಚಪ್ಪಲಿ ಜೋಡಿಸಿಡುತ್ತಿದ್ದ, ಗೇಟಿಗೆ ಎಣ್ಣೆ ಬಿಡುತ್ತಿದ್ದ, ಚೆನ್ನಾಗಿದ್ದ ನಲ್ಲಿಯನ್ನು ಬಿಚ್ಚಿ ಕೆಡಿಸಿ ಮತ್ತೆ ರಿಪೇರಿ ಮಾಡುತ್ತಿದ್ದ. ಮೊಮ್ಮಗಳು ಸ್ಕೂಲಿಂದ ಬಂದಾಗ ಮಾತ್ರ ನಲ್ಲಿಗೆ ಬಿಡುವು. ಅವಳನ್ನು ಮುಂದೆ ಕೂರಿಸಿಕೊಂಡು ಜಡೆ ಹೆಣೆಯುತ್ತಿದ್ದ. ಆ ಜಡೆ ಒಂದು ದಿನವೂ ನೆಟ್ಟಗಿದ್ದದ್ದನ್ನು ನಾನು ನೋಡಲಿಲ್ಲ.

ವಿಜಯದಶಮಿಯಂದು ಬನ್ನಿ ಮರದ ಮುಂದೆ ನೆಟ್ಟ ಬಾಳೆಕಂಬಕ್ಕೆ ಅಂಬು ಹೊಡೆಯುವುದು ಅವನ ಮನೆತನದ ಪಾಲಿನ ಕೆಲಸ. ಆ ಮರ ಈಗ ಒಂದು ಟೆಕ್ ಪಾರ್ಕಿನ ಕಾಂಪೌಂಡಿನೊಳಗೆ, ಕಾರು ನಿಲ್ಲಿಸುವ ಜಾಗದ ಪಕ್ಕದಲ್ಲಿದೆ. ಆ ಒಂದು ದಿನ ಸೆಕ್ಯುರಿಟಿಯವರು ಊರವರಿಗೆ ಗೇಟು ತೆಗೆಯುತ್ತಾರೆ. ಅಂಬು ಬಿಡುವ ಮುಂಚೆ ಹೇಳುವ ಮಾತೊಂದಿದೆ: "ಮನೆ ಕಿರಿಯೋಳ ಹೆಸ್ರಲ್ಲಿ ಈ ಅಂಬು. ಅವಳ ಮ್ಯಾಗಿನ ಕೇಡೆಲ್ಲ ಇದ್ರ ಬೆನ್ ಮ್ಯಾಗೆ." ಇಷ್ಟು ಹೇಳಿ, ಮಗುವಿನ ಹೆಸರು ಕೂಗಿ, ಬಿಡಬೇಕು. ಆ ವರ್ಷ ಮಗುವಿಗೆ ಬರಬೇಕಿದ್ದ ಕೇಡು ಅಂಬಿನ ಮೇಲೆ ಕೂತು ಹೋಗಿ ಬಾಳೆಕಂಬದಲ್ಲಿ ನಾಟಿಕೊಳ್ಳುತ್ತದೆ ಎಂಬುದು ನಂಬಿಕೆ.

ಹೋದ ವರ್ಷ ಗಣೇಶನ ಹಬ್ಬ ಮುಗಿದ ಮೇಲೆ ಅಟ್ಟದಿಂದ ಮನೆತನದ ಹಳೇ ಬಿಲ್ಲನ್ನು ಇಳಿಸಿದರೆ ಅದನ್ನು ಹುಳು ತಿಂದು ಹಿಟ್ಟು ಮಾಡಿತ್ತು. ಆನ್‌ಲೈನಲ್ಲಿ ಒಂದು ತರಿಸಿ ಎಂದೆ. ಅಪ್ಪನನ್ನು ಆನ್‌ಲೈನಲ್ಲಿ ತರಿಸು ಅಂದವನನ್ನು ನೋಡುವ ಹಾಗೆ ನನ್ನನ್ನು ನೋಡಿದ.

ಹತ್ತಿರದ ಆಫೀಸೊಂದರಲ್ಲಿ ನೆಲ ಕಿತ್ತು ಹೊಸದು ಹಾಕುತ್ತಿದ್ದರು. ಕಿತ್ತು ಬಿಸಾಡಿದ ಹಲಗೆಗಳು ಬಿದಿರಿನವು. ಬಿದಿರನ್ನು ಪಟ್ಟಿಪಟ್ಟಿಯಾಗಿ ಸೀಳಿ, ಅಂಟು ಹಾಕಿ, ಒತ್ತಿ ಮಾಡಿದ್ದು. ಬೈರಪ್ಪ ಒಂದು ಹೊರೆ ಹೊತ್ತು ತಂದ. "ಪ್ಯಾಕ್ಟ್ರಿಯೋರು ನೀವು, ಒಸಿ ಬನ್ನಿ ಸಾಮಿ" ಎಂದು ನನ್ನನ್ನು ತಾರಸಿಗೆ ಎಳೆದುಕೊಂಡು ಹೋದ. ಹಲಗೆಯನ್ನು ಉದ್ದುದ್ದ ಸೀಳಿ, ಉಜ್ಜಿ ತೆಳ್ಳಗೆ ಮಾಡಿ, ಮೂರು ಪದರ ಒಂದರ ಮೇಲೊಂದು ಅಂಟಿಸಿ, ಹಳೇ ಸೈಕಲ್ ಟ್ಯೂಬಿನ ಪಟ್ಟಿಯಿಂದ ಬಿಗಿಯಾಗಿ ಸುತ್ತಿ ಬಿಸಿಲಿಗಿಟ್ಟೆವು. ಆಮೇಲೆ ಎರಡೂ ತುದಿಗೆ ಕಚ್ಚು ಕೊರೆದು, ಹೆದೆ ಕಟ್ಟಿ, ಗೋಡೆಯ ಗೂಟಕ್ಕೆ ತೂಗುಹಾಕಿ, ಹಗ್ಗದಿಂದ ಕೆಳಕ್ಕೆ ಎಳೆದು ನೋಡುವುದು. ಬಿಲ್ಲಿನ ಯಾವ ತೋಳು ಬಾಗದೆ ಸೆಟೆದುಕೊಂಡಿದೆಯೋ ಅದನ್ನು ಚೂರೇ ಚೂರು ಕೆರೆಯುವುದು, ಮತ್ತೆ ಎಳೆದು ನೋಡುವುದು. ಎರಡು ತೋಳೂ ಒಂದೇ ಸಮ ಬಾಗುವ ತನಕ ಇದೇ ಕೆಲಸ. ನಿಜ ಹೇಳಬೇಕೆಂದರೆ, ರಿಟೈರ್ ಆದ ಮೇಲೆ ನಾನು ಅಷ್ಟು ಖುಷಿಯಾಗಿದ್ದದ್ದು ಆಗಲೇ.

ಒಂದು ಕಟ್ಟುನಿಟ್ಟು ಮಾತ್ರ ಬೈರಪ್ಪ ಮೊದಲೇ ಹೇಳಿದ್ದ. ಹೆದೆಯನ್ನು ಎಳೆದರೆ ಮೆಲ್ಲಗೆ ವಾಪಸ್ ತಂದು ಬಿಡಬೇಕು. ಅಂಬಿಲ್ಲದೆ ಬರಿ ಹೆದೆಯನ್ನು ಬಿಡಕೂಡದು. ಹಾಗೆ ಬಿಟ್ಟರೆ ಬಿಲ್ಲು ಸೀಳಿಹೋಗುತ್ತದೆ, ಅಷ್ಟೇ ಅಂತ ನಾನು ತಿಳಿದಿದ್ದೆ.

ನವರಾತ್ರಿ ಶುರುವಾದ ಮೇಲೆ ಒಂದು ಮಧ್ಯಾಹ್ನ ಬಿಲ್ಲು ಕೊನೆಗೂ ಹದಕ್ಕೆ ಬಂತು. ಬೈರಪ್ಪ ಅದನ್ನು ಗೂಟದಿಂದ ತೆಗೆದು ಕೈಯಲ್ಲಿ ಹಿಡಿದು ನಿಂತ. ಖುಷಿಗೆ ಅವನ ಮುಖ ಕೆಂಪಾಗಿತ್ತು. ಹಬ್ಬದ ದಿನ ನಿಲ್ಲುವ ಹಾಗೆ ಎಡಗಾಲು ಮುಂದಿಟ್ಟ, ಹೆದೆಯನ್ನು ಕೆನ್ನೆಗೆ ಎಳೆದ. ಪ್ರಾಯದಿಂದಲೂ ಅವನ ಬಾಯಿ ಮತ್ತು ಬೆರಳು ಒಟ್ಟಿಗೇ ಕೆಲಸ ಮಾಡಿ ಪಳಗಿದ್ದವು. ಬಾಯಿ ತಾನಾಗಿ ಆ ಮಾತು ಹೇಳಿತು, "ದೀಪಶ್ರೀ" ಎಂದು ಕೂಗಿತು. ಬೆರಳು ಬಿಟ್ಟಿತು.

ಬಿಲ್ಲು ಸೀಳಲಿಲ್ಲ. ಹೆದೆ ಗುಂಯ್ ಎಂದದ್ದು ಬಹಳ ಹೊತ್ತು ನಿಲ್ಲಲೇ ಇಲ್ಲ. ಕೆಳಗೆ ರಸ್ತೆಯ ಹಾರನ್ನುಗಳೆಲ್ಲ ಆ ಸದ್ದಿನ ಆಚೆಗೆ ಹೋದಂತಾಯಿತು. ಬೈರಪ್ಪನ ಮುಖದ ರಕ್ತ ಇಳಿದುಹೋಗಿತ್ತು.

"ಏನಾಯ್ತಪ್ಪಾ, ಬಿಲ್ಲು ಗಟ್ಟಿಯಾಗಿದೆಯಲ್ಲ" ಎಂದೆ.

"ಬಿಲ್ಲು ಗಟ್ಟಿಯಾಗೇ ಅದೆ ಸಾಮಿ. ಕೇಡು ಕೂತ್ಕಳಕ್ಕೆ ಅಂಬಿರ್ನಿಲ್ಲ. ಬರೀ ಹೆಸ್ರು ಇತ್ತು."

ನಾನು ನಕ್ಕುಬಿಟ್ಟೆ.

ಮಾರನೇ ಬೆಳಿಗ್ಗೆ ತಾರಸಿಯ ಆ ತುದಿಯಲ್ಲಿ ಒಣಗಹಾಕಿದ್ದ ಬೆಡ್‌ಶೀಟಿನಲ್ಲಿ ಒಂದು ತೂತಿತ್ತು. ಬೆರಳು ತೂರುವಷ್ಟು, ದುಂಡಗೆ. ಬಾಡಿಗೆ ಹುಡುಗರ ಸಿಗರೇಟು ಎಂದುಕೊಂಡು ಅವರಿಗೆ ಚೆನ್ನಾಗಿ ಉಗಿದೆ. ಆದರೆ ಅಂಚು ಸುಟ್ಟಿರಲಿಲ್ಲ; ನೂಲೆಲ್ಲ ಒಂದೇ ಕಡೆಗೆ ತಳ್ಳಿಕೊಂಡಿತ್ತು. ಅದರ ಮರುದಿನ ಬೆಡ್‌ಶೀಟಿನ ಹಿಂದಿದ್ದ ಪ್ಲಾಸ್ಟಿಕ್ ನೀರಿನ ಟ್ಯಾಂಕಿನಿಂದ ನೀರು ಸಣ್ಣಗೆ ಚಿಮ್ಮುತ್ತಿತ್ತು. ಅದೇ ಎತ್ತರ, ಅದೇ ಅಳತೆ. ನಾನು ಹಠಕ್ಕೆ ಬಿದ್ದು ದಾರ ಹಿಡಿದು ನೋಡಿದೆ. ಬೈರಪ್ಪ ನಿಂತಿದ್ದ ಜಾಗ, ಬೆಡ್‌ಶೀಟು, ಟ್ಯಾಂಕು, ಮೂರೂ ಒಂದೇ ಗೆರೆಯಲ್ಲಿದ್ದವು. ಅಂಬಿಲ್ಲದೆ ಬಿಟ್ಟದ್ದು ಹಾರುತ್ತಲೇ ಇತ್ತು, ಆದರೆ ಇರುವೆ ಹರಿದ ಹಾಗೆ ನಿಧಾನಕ್ಕೆ ಹಾರುತ್ತಿತ್ತು.

ಬಿಲ್ಲನ್ನು ಮುರಿದು ಒಲೆಗೆ ಹಾಕೋಣ ಎಂದೆ. "ಬುಟ್ಟದ್ದು ಈಗ ಬಿಲ್ನಲ್ಲಿಲ್ಲ ಸಾಮಿ" ಎಂದ ಬೈರಪ್ಪ.

ದಿವ್ಯಾ ಇದನ್ನೆಲ್ಲ ಅರ್ಧಂಬರ್ಧ ಕೇಳಿ ಸಿಟ್ಟಾದಳು. ಹಬ್ಬದ ರಜೆ ಹೇಗೂ ಇತ್ತು. ಮಗಳನ್ನು ಹೊಸಕೋಟೆಯ ತನ್ನ ತವರಿಗೆ ಕಳಿಸಿದಳು. ಮಾರನೇ ಬೆಳಿಗ್ಗೆ ದಿವ್ಯಾಳ ಅಮ್ಮ ಫೋನ್ ಮಾಡಿದರು. ಮಗು ಮಲಗಿದ್ದ ಸೊಳ್ಳೆಪರದೆಯಲ್ಲಿ ಹೊಸ ತೂತು, ಇಲಿ ಇರಬೇಕು ಎಂದರು. ಗೆರೆ, ದೂರ ಯಾವುದೂ ಅದಕ್ಕೆ ಲೆಕ್ಕವಿರಲಿಲ್ಲ; ಅದು ಹೆಸರಿನ ಬೆನ್ನು ಹತ್ತಿತ್ತು. ದಿವ್ಯಾ ಫೋನ್ ಕೆಳಗಿಟ್ಟು ಮಾವನ ಮುಖ ನೋಡಿದಳು. ಆಮೇಲೆ ಅವಳು ವಾದ ಮಾಡಲಿಲ್ಲ. ಸಂಜೆಗೆ ಮಗು ವಾಪಸ್ ಬಂತು. ಅದರ ಮಾರನೇ ದಿನ ತೂತು ಸ್ಕೂಲ್ ಬ್ಯಾಗಿನಲ್ಲಿತ್ತು. ಅದರಾಚೆ ದಿನ ಅವಳ ಲಂಗದ ಅಂಚಿನಲ್ಲಿ.

ಆ ಲಂಗವನ್ನು ಮಡಿಲಲ್ಲಿಟ್ಟುಕೊಂಡು ಬೈರಪ್ಪ ಅತ್ತ. ಅಷ್ಟು ದೊಡ್ಡ ಆಳು ಬಿಕ್ಕುತ್ತಿದ್ದ. ಪಿಳ್ಳಮ್ಮ ಮಾತ್ರ ಅಳಲಿಲ್ಲ. "ನನ್ಗಿಂತ ಮುಂಚೆ ನಮ್ಮವ್ವಂಗೆ ಹುಟ್ಟಿದ್ ಕೂಸು ಒಂದೂ ಉಳೀನಿಲ್ಲ" ಎಂದಳು. "ಅದ್ಕೇ ನಾ ಹುಟ್ಟಿದಾಗ ಚೆಂದದ ಹೆಸ್ರು ಕಟ್ಟದೆ ಪಿಳ್ಳಿ ಅಂದ್ರು. ಇವ್ಳ ಹೆಸ್ರೂ ತೆಗೆದ್ಬಿಡಾನ. ಇವತ್ತಿಂದ ಗುಂಡಮ್ಮ ಅನ್ರಿ."

ಹಿಂದೆಲ್ಲ ಮಕ್ಕಳು ಉಳಿಯದ ಮನೆಗಳಲ್ಲಿ ಹೀಗೆ ಮಾಡುತ್ತಿದ್ದರು ಎಂದು ನಾನೂ ಕೇಳಿದ್ದೆ. ಕರೆಯಲು ಬಂದದ್ದಕ್ಕೆ ಹೆಸರು ಸಿಗದಿದ್ದರೆ ಮಗು ಸಿಗುವುದಿಲ್ಲ.

ಬೈರಪ್ಪ ಕಣ್ಣೊರೆಸಿಕೊಂಡ. "ಹೆಸ್ರು ಬಿಸಾಕಿದ್ರೆ ಸಾಲ್ದು" ಎಂದ. "ಅದು ಹುಡುಕ್ಕೊಂಡು ಅಲೀತದೆ. ಹೆಸ್ರಿಗೆ ಓ ಅನ್ನೋರು ಒಬ್ರು ಬೇಕು. ನಂಗೆ ಮಡಗಿ ಅದ್ನ."

ಅಂದಿನಿಂದ ಆ ಮನೆಯಲ್ಲಿ ಮುದುಕನೇ ದೀಪಶ್ರೀ. "ದೀಪಶ್ರೀ, ಕಾಫಿ ಕುಡಿ" ಎಂದು ಪಿಳ್ಳಮ್ಮ ಲೋಟ ಇಡುವಳು. ವಸಂತನಿಗೆ ನಾಲಿಗೆ ಏಳುತ್ತಿರಲಿಲ್ಲ, ಆದರೂ ಕರೆದ. ಮಗುವಿಗೆ ಇದು ಭಾರಿ ತಮಾಷೆ. "ದೀಪಶ್ರೀ, ಹೋಂವರ್ಕ್ ಮಾಡಿದ್ಯೇನೇ" ಎಂದು ತಾತನನ್ನು ಗದರಿಸಿ ಬಿದ್ದು ಬಿದ್ದು ನಗುತ್ತಿದ್ದಳು. ಬೈರಪ್ಪ ಪ್ರತಿ ಸಲವೂ "ಓ" ಅನ್ನುತ್ತಿದ್ದ. ಬಾಡಿಗೆ ಹುಡುಗರು ಮೆಟ್ಟಿಲ ಮೇಲೆ ಮುಸಿಮುಸಿ ನಕ್ಕರು. ಅರಳುಮರಳು ಎಂಬ ಮಾತು ಹುಟ್ಟಿದ್ದು ಅಲ್ಲಿಯೇ. ನಾನೂ ಕರೆಯಬೇಕೆಂದು ಅವನು ಕೈ ಹಿಡಿದು ಕೇಳಿಕೊಂಡ. ಕರೆದೆ. ನಾಚಿಕೆಯಾಗಲಿಲ್ಲ, ಭಯವಾಯಿತು. ಯಾಕೆಂದರೆ ಅದಾದ ಮೇಲೆ ಮಗುವಿನ ಬಟ್ಟೆಯಲ್ಲಿ ತೂತು ಬೀಳುವುದು ನಿಂತುಹೋಗಿ, ಬೈರಪ್ಪನ ಟವೆಲ್ಲಿನಲ್ಲಿ ಬಿದ್ದಿತ್ತು. ಅದನ್ನು ನನಗೆ ಬಿಡಿಸಿ ತೋರಿಸುವಾಗ ಅವನ ಮುಖದಲ್ಲಿದ್ದದ್ದು ಸಮಾಧಾನ.

ಆಯುಧಪೂಜೆ ದಿನ ಮಧ್ಯಾಹ್ನ. ಬೀದಿಯ ತುಂಬ ಬಾಳೆಕಂದು ಕಟ್ಟಿದ ಬೈಕುಗಳು, ಒಡೆದ ಬೂದುಗುಂಬಳದ ಚೂರುಗಳು. ಮನೆಯವರೆಲ್ಲ ಕೆಳಗೆ ಟ್ಯಾಂಕರಿನ ಪೂಜೆಗೆ ನಿಂತಿದ್ದರು. ತಾರಸಿಯಲ್ಲಿ ನಾನು, ಬೈರಪ್ಪ, ಮಗು ಮೂವರೇ. ಬೈರಪ್ಪ ಬಿಲ್ಲಿಗೆ ಅರಿಶಿನ ಕುಂಕುಮ ಹಚ್ಚಿ ಗೋಡೆಗೆ ಒರಗಿಸಿದ್ದ. ಮಗು ಹೂವಿನ ಎಸಳು ಕೀಳುತ್ತ ಕೂತಿತ್ತು.

"ದೀಪಶ್ರೀ, ಬಾರೇ ಇಲ್ಲಿ."

ತಾರಸಿಯ ಮೂಲೆಯಲ್ಲಿ ಸಾಮಾನು ತುಂಬುವ ಕೋಣೆ ಇದೆ, ಅದರೊಳಗಿಂದ ಬಂದ ಕರೆ. ಪಿಳ್ಳಮ್ಮನ ದನಿ, ಅನುಮಾನವೇ ಇಲ್ಲ. ನಾನು ಪ್ಯಾರಾಪೆಟ್ ಮೇಲಿಂದ ಬಗ್ಗಿ ನೋಡಿದೆ. ಪಿಳ್ಳಮ್ಮ ಕೆಳಗೆ ಬೀದಿಯಲ್ಲಿ, ಟ್ಯಾಂಕರಿನ ಚಕ್ರಕ್ಕೆ ನಿಂಬೆಹಣ್ಣು ಇಡುತ್ತಿದ್ದಳು.

ತಟ್ಟನೆ ತಿರುಗಿದೆ. ಅಜ್ಜಿಯ ದನಿಗೆ ಮಗು ಹೆಸರು ಬದಲಿಸಿಕೊಂಡ ಆಟವನ್ನೆಲ್ಲ ಮರೆತಿತ್ತು. ಓ ಅನ್ನಲು ಬಾಯಿ ತೆರೆದಿತ್ತು. ಬೈರಪ್ಪ ಒಂದೇ ನೆಗೆತಕ್ಕೆ ಬಂದು ಅದರ ಬಾಯಿಯನ್ನು ಅಂಗೈಯಿಂದ ಮುಚ್ಚಿದ.

"ಓ" ಎಂದ. "ಬಂದೆ."

ಮಗುವನ್ನು ಎತ್ತಿ ನನ್ನ ತೋಳಿಗೆ ಕೊಟ್ಟ. ಒಂದು ಸಲ ಅದರ ಜಡೆ ಸವರಿದ. ಯಾರೋ ಊಟಕ್ಕೆ ಕರೆದರೇನೋ ಎಂಬಂತೆ ಪಂಚೆ ಸರಿಮಾಡಿಕೊಂಡು ಕೋಣೆಯೊಳಗೆ ಹೋದ. ಗೋಡೆಗೆ ಒರಗಿದ್ದ ಬಿಲ್ಲಿನ ಹೆದೆ ಯಾರೂ ಮುಟ್ಟದೆ ಗುಂಯ್ ಎಂದಿತು. ಆಮೇಲೆ ಒಮ್ಮೆಗೇ ನಿಂತಿತು.

ನಾನು ಹೋಗಿ ನೋಡಿದಾಗ ಅವನು ಗೋಡೆಗೆ ಬೆನ್ನು ಕೊಟ್ಟು ಕೂತಿದ್ದ. ಕಣ್ಣು ತೆರೆದಿತ್ತು. ಹೊಸ ಬಿಳಿ ಅಂಗಿಯ ಎದೆಯ ಮೇಲೆ ದುಂಡನೆಯ ತೂತು, ನೂಲೆಲ್ಲ ಒಳಕ್ಕೆ ತಳ್ಳಿಕೊಂಡಿತ್ತು. ಒಂದು ತೊಟ್ಟು ರಕ್ತವಿರಲಿಲ್ಲ. ಹೃದಯಾಘಾತ ಎಂದರು ಡಾಕ್ಟರು. ಅಂಗಿ ತೋರಿಸಿದೆ. ಹಳೇ ಅಂಗಿ ಇರಬೇಕು ಎಂದರು. ನನಗೆ ಅವರ ಮೇಲೆ ಕೋಪವೂ ಬರಲಿಲ್ಲ.

ಹಾಲು ತುಪ್ಪದ ದಿನ ಸಮಾಧಿಯ ಹತ್ತಿರ ನಾವೂ ಹೋಗಿದ್ದೆವು. ಮಗು ನನ್ನ ಬೆರಳು ಹಿಡಿದುಕೊಂಡು ನಿಂತಿತ್ತು. ಮೊದಲು ಹಾಲೆರೆಯಬೇಕಾದವಳು ಬೈರಪ್ಪನ ಅಕ್ಕ ರಾಮಕ್ಕ. ಅವರಲ್ಲಿ ಸತ್ತವರ ಹೆಸರು ಕರೆದು ಎರೆಯುವುದು ಪದ್ಧತಿ. ರಾಮಕ್ಕ ಚೊಂಬು ಎತ್ತಿ, "ತಮ್ಮಾ, ಚಿಕ್ಕಬೈ..." ಎಂದು ಶುರು ಮಾಡಿದಳು. ಪಿಳ್ಳಮ್ಮ ಅವಳ ಕೈ ಹಿಡಿದಳು.

"ಆ ಹೆಸ್ರು ಬ್ಯಾಡಕ್ಕ" ಎಂದಳು. "ಕರ್ಯಕ್ ಬಂದಿದ್ದಕ್ಕೆ ಅನುಮಾನ ಬತ್ತದೆ. ಸತ್ತಿರೋದು ದೀಪಶ್ರೀ. ಆ ಹೆಸ್ರಲ್ಲೇ ಎರಿ."

ದಿವ್ಯಾ ಸೆರಗನ್ನು ಬಾಯಿಗೆ ತುರುಕಿಕೊಂಡಳು. ರಾಮಕ್ಕ ಹಾಲು ಬಿಟ್ಟು, "ದೀಪಶ್ರೀ, ತಣ್ಣಗಿರವ್ವ" ಎಂದಳು. ಆಮೇಲೆ ಒಬ್ಬೊಬ್ಬರಾಗಿ ಎಲ್ಲರೂ ಹಾಗೆಯೇ ಅಂದು ಎರೆದರು. ಹೆಸರು ಕರೆದಾಗಲೆಲ್ಲ ನಾನು ಮಗುವಿನ ಕಡೆ ನೋಡುತ್ತಿದ್ದೆ. ಅದು ಒಂದು ಸಲವೂ ತಲೆ ಎತ್ತಲಿಲ್ಲ, ತುಟಿ ಬಿಗಿಹಿಡಿದು ನೆಲ ನೋಡುತ್ತಿತ್ತು. ನನ್ನ ಸರದಿ ಬಂತು. ಚೊಂಬು ತೆಗೆದುಕೊಂಡೆ. ಮಗು ಬದುಕಲಿ ಎಂದು ಅದರ ಹೆಸರನ್ನೇ ಕರೆದು ಮಣ್ಣಿಗೆ ಹಾಲೆರೆದೆ.